ಸುಖಸ್ಮೃತಿಯೂ ದೇಹವಿಶ್ರಾಂತಿಯೂ

ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆ ಬಾರದೆ ಹೊರಳಾಡುವ ವಿದ್ಯಾರ್ಥಿಗೆ ಹಿರಿಯರು ಹೇಳುವ ಮಾತೊಂದುಂಟು: 'ಏನಾದರೂ ಒಳ್ಳೆಯದನ್ನು ನೆನೆದುಕೊಂಡು ಮಲಗು.' ಅಧ್ಯಾಪಕರಾದ ನಾವೂ ಇದನ್ನೇ ಹೇಳುವುದುಂಟು. ಈ ಸಲಹೆ ಎಷ್ಟರಮಟ್ಟಿಗೆ ಸಾಧುವಾದುದು, ಯಾರಿಗೆ ಸಲ್ಲುತ್ತದೆ, ಯಾರಿಗೆ ಸಲ್ಲದು ಎಂಬುದನ್ನು ಇಲ್ಲಿ ವಿವೇಚಿಸಲು ಯತ್ನಿಸುತ್ತೇವೆ. ಸಲ್ಲದವರಿಗೆ ಇದು ಕೇವಲ ನಿಷ್ಫಲವಾಗಿ ನಿಲ್ಲದೆ ಹಾನಿಯನ್ನೂ ಮಾಡಬಲ್ಲುದಾದುದರಿಂದ ಈ ವಿವೇಚನೆ ಅವಶ್ಯಕವೆಂದು ತೋರುತ್ತದೆ.

ನಮ್ಮ ಪ್ರಾಚೀನರು ಸ್ಮೃತಿಗೆ ಚಿತ್ತವನ್ನು ಕದಲಿಸುವ ಶಕ್ತಿಯುಂಟೆಂಬುದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಭರತನ ನಾಟ್ಯಶಾಸ್ತ್ರವು 33 ವ್ಯಭಿಚಾರಿಭಾವಗಳಲ್ಲಿ ಸ್ಮೃತಿಯನ್ನೂ ಎಣಿಸಿದೆ. ಪತಂಜಲಿಯ ಯೋಗಸೂತ್ರಗಳಲ್ಲಿಯಾದರೋ ಅದು 5 ಚಿತ್ತವೃತ್ತಿಗಳಲ್ಲಿ ಒಂದು, ಎಂದರೆ ನಿರೋಧಕ್ಕೆ ಒಳಗಾಗಬೇಕಾದುದು. ಆದಕಾರಣ ಸುಖದ ನೆನಪಿನಲ್ಲಿ ತಂಗುವುದನ್ನೇ ಯೋಗವೆಂದು ಕರೆಯುವುದು ಯುಕ್ತವಲ್ಲ. ಕ್ಲೇಶಕರವಾದ ವಿತರ್ಕಗಳು ಬಾಧಿಸಿದಾಗ ಅವುಗಳಿಗೆ ಎದುರಾದುದನ್ನು ಭಾವಿಸಬೇಕೆನ್ನುವ ಪ್ರತಿಪಕ್ಷಭಾವನೆಯ ವಿಧಿ ಮಾತ್ರ ನಮ್ಮ ವಿಷಯಕ್ಕೆ ತಕ್ಕಮಟ್ಟಿಗೆ ಸಮೀಪವಾದುದು.

ಆಧುನಿಕ ಮನಶ್ಶಾಸ್ತ್ರದಲ್ಲಿ ವಿಶ್ರಾಂತಿಯನ್ನು ಕ್ರಮವಾಗಿ ಕಲಿಸಬಹುದೆಂದು ತೋರಿಸಿದವರಲ್ಲಿ ಅಮೆರಿಕದ ಎಡ್ಮಂಡ್ ಜೇಕಬ್‌ಸನ್ ಪ್ರಮುಖನು. 1929ರಲ್ಲಿ ಪ್ರಕಟವಾದ ಅವನ ಗ್ರಂಥವು ಒಂದೊಂದು ಸ್ನಾಯುಸಮೂಹವನ್ನೂ ಸಡಿಲಗೊಳಿಸುವ ಅಭ್ಯಾಸವನ್ನು ವಿವರಿಸುತ್ತದೆ. ಅವನು ನಡೆಸಿದ ಬೇರೊಂದು ಬಗೆಯ ಪ್ರಯೋಗಗಳು ನಮಗೆ ಇನ್ನೂ ಮುಖ್ಯವಾದುವು. ಕೈಯನ್ನು ಅಲುಗಿಸದೆ, ಬಲಗೈಯನ್ನು ಮಡಿಸಿದಂತೆ ಕಲ್ಪಿಸಿಕೊಳ್ಳಿರೆಂದು ಹೇಳಿದಾಗ ಆ ಕೈಯ ಸ್ನಾಯುಗಳಲ್ಲಿಯೇ ಸೂಕ್ಷ್ಮವಾದ ವಿದ್ಯುತ್ ವ್ಯತ್ಯಾಸ ಕಂಡುಬಂದಿತು. ಕಲ್ಪನೆಯೂ ನೆನಪೂ ತಲೆಯಲ್ಲಿಯೇ ಮುಗಿಯುವ ವ್ಯಾಪಾರಗಳಲ್ಲ. ಶರೀರವೂ ಅವುಗಳೊಡನೆ ನೆನೆಯುತ್ತದೆ. ಇದರಿಂದ ಹೊರಡುವ ಒಂದು ಅನುಮಾನವನ್ನು ಜನ ಸಾಮಾನ್ಯವಾಗಿ ಗಮನಿಸುವುದಿಲ್ಲ. ಸುಖದ ನೆನಪೆಲ್ಲವೂ ವಿಶ್ರಾಂತಿಯ ನೆನಪಲ್ಲ. ಕೊನೆಯ ಕ್ಷಣದಲ್ಲಿ ಗೆದ್ದ ಕಬಡ್ಡಿ ಪಂದ್ಯವನ್ನು ನೆನೆಯುವವನಿಗೆ ಹರ್ಷವೇನೋ ಉಂಟಾಗುತ್ತದೆ. ಆದರೆ ಅವನ ತೊಡೆಗಳು ಬಿಗಿಯುತ್ತವೆ, ಎದೆಬಡಿತ ಹೆಚ್ಚುತ್ತದೆ. ಮಳೆಗಾಲದ ಸಂಜೆ ಅಜ್ಜಿಯ ಮನೆಯ ಜಗಲಿಯಲ್ಲಿ ಕುಳಿತು, ಸುಟ್ಟ ಹಲಸಿನ ಬೀಜವನ್ನು ಸುಲಿಯುತ್ತ ಹೆಂಚಿನಿಂದ ಇಳಿಯುವ ನೀರನ್ನು ನೋಡುತ್ತಿದ್ದ ನೆನಪು ಬೇರೆಯ ಜಾತಿಯದು. ನಿದ್ದೆಗೆ ಬೇಕಾದುದು ಈ ಎರಡನೆಯದು.

ಜೇಕಬ್‌ಸನ್ನನ ವಿಧಾನವನ್ನು ಸಂಕ್ಷೇಪಿಸಿ ಚಿಕಿತ್ಸೆಗೆ ಅಳವಡಿಸಿದವನು ಜೋಸೆಫ್ ವೋಲ್ಪೆ. ಭಯವೂ ವಿಶ್ರಾಂತಿಯೂ ಒಂದೇ ಕಾಲದಲ್ಲಿ ಒಂದೇ ದೇಹದಲ್ಲಿ ಇರಲಾರವು; ಒಂದನ್ನು ಬಲಪಡಿಸಿದರೆ ಮತ್ತೊಂದು ಕುಗ್ಗುತ್ತದೆ ಎಂಬುದು 1958ರ ಅವನ ಗ್ರಂಥದ ತಿರುಳು. ಸುಖಸ್ಮೃತಿಯ ಉಪಯೋಗವನ್ನೂ ಬಹುಮಟ್ಟಿಗೆ ಇದೇ ಸೂತ್ರದಿಂದ ವಿವರಿಸಬಹುದು.

ಈಚಿನ ಪ್ರಮಾಣಗಳು ಅಮೆರಿಕದ ರಟ್‌ಗರ್ಸ್ ವಿಶ್ವವಿದ್ಯಾನಿಲಯದಿಂದ ಬಂದಿವೆ. ಸ್ಪೀರ್ ಮತ್ತು ಅವರ ಸಹೋದ್ಯೋಗಿಗಳು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಖದ ಘಟನೆಗಳನ್ನು ನೆನೆಯುವಾಗ ಮಿದುಳಿನ ಸ್ಟ್ರೈಯೇಟಮ್ ಎಂಬ ಭಾಗ ಚುರುಕಾಯಿತು. ಹಣ ಮೊದಲಾದ ಪಾರಿತೋಷಕಗಳಿಗೆ ಸ್ಪಂದಿಸುವ ಭಾಗವೂ ಇದೇ. ಸಾಮಾನ್ಯವಾದ ನೆನಪನ್ನು ಬಿಟ್ಟು ಸುಖದ ನೆನಪನ್ನು ಆರಿಸಿಕೊಳ್ಳುವುದಕ್ಕಾಗಿ ಪ್ರಯೋಗಾರ್ಥಿಗಳು ಅಷ್ಟಿಷ್ಟು ಹಣವನ್ನೂ ಬಿಟ್ಟುಕೊಡಲು ಸಿದ್ಧರಾದರು! 2017ರಲ್ಲಿ ಸ್ಪೀರ್ ಮತ್ತು ಡೆಲ್ಗಾಡೊ ಇನ್ನೊಂದು ಹೆಜ್ಜೆ ಮುಂದೆ ಹೋದರು. ಕೊರೆಯುವ ತಣ್ಣೀರಿನಲ್ಲಿ ಕೈಯಿರಿಸಿ, ಇತರರ ಕಣ್ಣೆದುರಿನಲ್ಲಿ ಅದನ್ನು ಸಹಿಸುವಂತೆ ಮಾಡಿದ ಮೇಲೆ, ಕೆಲವರಿಗೆ ಸುಖದ ಘಟನೆಗಳನ್ನೂ ಉಳಿದವರಿಗೆ ಸಾಮಾನ್ಯ ಘಟನೆಗಳನ್ನೂ ನೆನೆಯಲು ಹೇಳಲಾಯಿತು. ಸುಖವನ್ನು ನೆನೆದವರಲ್ಲಿ ಕಾರ್ಟಿಸಾಲ್ ಎಂಬ ಉದ್ವೇಗದ ರಸದ ಏರಿಕೆ ಕಡಿಮೆಯಾಗಿದ್ದಿತು. ಹಿರಿಯರ ಸಲಹೆಗೆ ಹೀಗೆ ಒಂದು ಶಾರೀರಿಕ ಆಧಾರ ದೊರೆತಂತಾಯಿತು.

ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಅರ್ಧಸತ್ಯವನ್ನು ಹೇಳಿದಂತಾದೀತು. ಯೋರ್ಮನ್, ಸೀಮರ್ ಮತ್ತು ಗಾಟ್‌ಲಿಬ್ 2007ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಖಿನ್ನತೆಯನ್ನು ಎಂದೂ ಅನುಭವಿಸದವರು, ಹಿಂದೆ ಅನುಭವಿಸಿದ್ದವರು, ಆಗ ಅನುಭವಿಸುತ್ತಿದ್ದವರು ಎಂದು ಮೂರು ವರ್ಗದವರಿದ್ದರು. ಮೊದಲು ಎಲ್ಲರಲ್ಲಿಯೂ ದುಃಖವನ್ನು ಉಂಟುಮಾಡಿ, ಬಳಿಕ ಸುಖದ ಘಟನೆಯನ್ನು ನೆನೆಯಲು ಹೇಳಿದಾಗ ಮೊದಲನೆಯ ವರ್ಗದವರ ಮನಸ್ಸು ತಿಳಿಯಾಯಿತು. ಎರಡನೆಯವರಲ್ಲಿ ಬದಲಾವಣೆಯೇ ಕಾಣಲಿಲ್ಲ. ಮೂರನೆಯವರ ದುಃಖ ಇನ್ನೂ ಹೆಚ್ಚಿತು. ಗಮನವನ್ನು ಬೇರೆಡೆಗೆ ಹರಿಸಿದಾಗಲಾದರೋ ಮೂರು ವರ್ಗದವರಿಗೂ ಉಪಶಮನ ದೊರೆಯಿತು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಕುಗ್ಗಿದ ಮನಸ್ಸು ಹಳೆಯ ಸುಖವನ್ನು ಇಂದಿನ ಸ್ಥಿತಿಯೊಡನೆ ತೂಗಿ ನೋಡುತ್ತದೆ. ಆಗ ಅದು ಸುಖದ ನೆನಪಾಗಿ ಉಳಿಯದೆ ನಷ್ಟದ ಲೆಕ್ಕವಾಗುತ್ತದೆ. ತಂದೆಯನ್ನು ಕಳೆದುಕೊಂಡ ಹುಡುಗನಿಗೆ ಅವರೊಡನೆ ಜಾತ್ರೆಗೆ ಹೋದ ದಿನದ ನೆನಪು ಏನು ಮಾಡೀತೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಖಿನ್ನರಲ್ಲಿ ಮತ್ತೊಂದು ತೊಡಕೂ ಉಂಟು. ಒಂದು ನಿರ್ದಿಷ್ಟ ಘಟನೆಯನ್ನು ಹೇಳಿರೆಂದರೆ ಅವರು 'ರಜೆಯಲ್ಲಿ ಊರಿಗೆ ಹೋಗುತ್ತಿದ್ದಾಗ' ಎಂಬಂಥ ಸ್ಥೂಲವಾದ ಉತ್ತರವನ್ನು ಕೊಡುವುದು ಹೆಚ್ಚೆಂಬುದನ್ನು ವಿಲಿಯಮ್ಸ್ ಮತ್ತು ಬ್ರಾಡ್‌ಬೆಂಟ್ 1986ರಲ್ಲಿಯೇ ತೋರಿಸಿದ್ದರು; ಅವರು ಪರೀಕ್ಷಿಸಿದುದು ಆತ್ಮಹತ್ಯೆಗೆ ಯತ್ನಿಸಿದ್ದ ರೋಗಿಗಳನ್ನು. ಸ್ಥೂಲವಾದ ನೆನಪಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ದೇಹ ಅದಕ್ಕೆ ಓಗೊಡಲಾರದು.

ಅಭ್ಯಾಸಕ್ರಮದ ವಿಷಯದಲ್ಲಿ ಹೇಳಬೇಕಾದುದು ಸ್ವಲ್ಪವೇ. ಒಂದು ದಿನದ ಒಂದು ಪ್ರಸಂಗವನ್ನು, ಮನಸ್ಸು ನೆಮ್ಮದಿಯಾಗಿರುವಾಗಲೇ ಆರಿಸಿ ಬರೆದಿಟ್ಟುಕೊಳ್ಳಬೇಕು. ಕಳವಳದ ನಡುವೆ ಹುಡುಕಹೊರಟರೆ ಒಳ್ಳೆಯ ನೆನಪು ಕೈಗೆ ಸಿಕ್ಕುವುದಿಲ್ಲ. ಅದರಲ್ಲಿ ಸ್ಪರ್ಧೆಯಾಗಲಿ ಅಗಲಿಕೆಯಾಗಲಿ ಇರಬಾರದು. ಉಸಿರನ್ನು ನಿಧಾನಗೊಳಿಸಿ, ಭುಜಗಳನ್ನು ಸಡಿಲಬಿಟ್ಟು, ಅಂದು ನಮ್ಮ ಕಣ್ಣು ಕಂಡಂತೆಯೇ, ಕೈ ಮುಟ್ಟಿದಂತೆಯೇ ಐದು ಹತ್ತು ನಿಮಿಷ ಅಲ್ಲಿರಬೇಕು. ನೆನಪಿನ ವಿವರಗಳು ಪೂರ್ತಿ ಯಥಾರ್ಥವಾಗಿರಬೇಕೆಂಬ ಚಿಂತೆ ಬೇಡ. ಸ್ಮರಣೆಯೆಂದರೆ ಪುನಾರಚನೆಯೇ ಎಂಬುದನ್ನು ಬಾರ್ಟ್‌ಲೆಟ್ 1932ರಲ್ಲಿಯೇ ಪ್ರತಿಪಾದಿಸಿದ್ದಾನೆ. ನೆನೆಯುತ್ತಿರುವಾಗ ಗಂಟಲು ಕಟ್ಟಿದರೆ ಆ ನೆನಪನ್ನು ಅಲ್ಲಿಯೇ ಬಿಡತಕ್ಕದ್ದು.

ಅನೇಕ ವಾರಗಳಿಂದ ಮಂಕಾಗಿರುವ, ಊಟ ನಿದ್ದೆಗಳು ಕೆಟ್ಟಿರುವ ವಿದ್ಯಾರ್ಥಿಯಾದರೋ ಅಧ್ಯಾಪಕರ ಕೊಠಡಿಗೆ ಬಂದಾಗ ಅವನಿಗೆ ಈ ಅಭ್ಯಾಸವನ್ನು ಹೇಳದಿರುವುದೇ ಲೇಸು. ಆ ಹೊತ್ತಿಗೆ ಗ್ರಂಥಾಲಯದ ಪುಸ್ತಕಗಳನ್ನು ಜೋಡಿಸುವಂಥ ಕೈತುಂಬ ಕೆಲಸವನ್ನು ಕೊಡಬಹುದು. ಅಂದೇ ಮನೋವೈದ್ಯರ ಬಳಿಗೆ ಜೊತೆಯಲ್ಲಿ ಹೋಗುವ ಏರ್ಪಾಟನ್ನೂ ಮಾಡಬೇಕು.