ವಿಡಿಯೋ ಆಟಗಳು ಮತ್ತು ಮನೆಯ ಆರೋಗ್ಯ

ಸನತ್‌ನಗರದಲ್ಲಿ ಹೈದರಾಬಾದ್ ಆಲ್ವಿನ್ ಸಂಸ್ಥೆಯು ರೆಫ್ರಿಜರೇಟರುಗಳನ್ನೂ ಬಸ್ಸುಗಳ ಒಡಲುಗಳನ್ನೂ ತಯಾರಿಸುತ್ತಿದ್ದ ಕಾಲದಲ್ಲಿ, ಗುಲಬರ್ಗಾ, ಬೀದರ, ರಾಯಚೂರುಗಳ ಕಡೆಯಿಂದ ಉದ್ಯೋಗವನ್ನರಸಿ ಬಂದು ನೆಲೆಸಿದ ಕುಟುಂಬಗಳಿಗೆ ವಿರಾಮದ ವೇಳೆಯೆಂದರೆ ಕೇರಂ ಹಲಗೆ, ಇಸ್ಪೀಟಿನ ಕಟ್ಟು, ಹಬ್ಬದ ದಿನಗಳಲ್ಲಿ ಹೆಂಗಸರ ಚೌಕಾಬಾರ, ಇಷ್ಟೇ ಆಗಿತ್ತು. ಆಲ್ವಿನ್ ಈಗಿಲ್ಲ. ಕೇರಂ ಹಲಗೆಯು ಅನೇಕ ಮನೆಗಳಲ್ಲಿ ಅಟ್ಟವನ್ನೇರಿದೆ. ಸನತ್‌ನಗರದ ನಿಲ್ದಾಣದಿಂದ ವಾಡಿಯ ಕಡೆಗೆ ಸಾಗುವ ರೈಲಿನ ಡಬ್ಬಿಯಲ್ಲಿ ಒಮ್ಮೆ ಕಣ್ಣಾಡಿಸಿದರೆ ಸಾಕು; ಹತ್ತು ಮಂದಿಯಲ್ಲಿ ನಾಲ್ಕೈದು ಮಂದಿಯ ಹೆಬ್ಬೆರಳುಗಳು ಮೊಬೈಲಿನ ಗಾಜಿನ ಮೇಲೆ ಒಂದೇ ಸಮನೆ ಓಡಾಡುತ್ತಿರುವುದು ಕಾಣುತ್ತದೆ. ಅವರಲ್ಲಿ ಬಾಲಕರು ಮಾತ್ರವಲ್ಲ, ನಿವೃತ್ತರಾದ ಹಿರಿಯರೂ, ಗೃಹಿಣಿಯರೂ ಇದ್ದಾರೆ. ವಿಡಿಯೋ ಆಟವು ಹುಡುಗರ ಹುಚ್ಚೆಂದು ಹೇಳಿ ಕೈ ತೊಳೆದುಕೊಳ್ಳುವ ಕಾಲವು ಮುಗಿಯಿತು.

ಈ ಆಟಗಳ ವಂಶಾವಳಿಯನ್ನು ಸಂಕ್ಷೇಪವಾಗಿ ಹೇಳಬಹುದು. 1958ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ವಿಲಿಯಂ ಹಿಗಿನ್‌ಬಾಥಮ್ ಎಂಬ ವಿಜ್ಞಾನಿಯು ಸಂದರ್ಶಕರ ಮನರಂಜನೆಗೆಂದು ಆಸಿಲೋಸ್ಕೋಪಿನ ಪರದೆಯ ಮೇಲೆ ಟೆನಿಸ್ ಆಟವೊಂದನ್ನು ಮೂಡಿಸಿದನು. 1972ರಲ್ಲಿ ಅಟಾರಿ ಸಂಸ್ಥೆಯ ‘ಪಾಂಗ್’, 1978ರಲ್ಲಿ ಜಪಾನಿನ ‘ಸ್ಪೇಸ್ ಇನ್ವೇಡರ್ಸ್’, 1980ರಲ್ಲಿ ‘ಪ್ಯಾಕ್‌ಮ್ಯಾನ್’ ಬಂದವು. 1984ರಲ್ಲಿ ಮಾಸ್ಕೋ ನಗರದಲ್ಲಿ ಅಲೆಕ್ಸಿ ಪಜಿಟ್ನೊವ್ ರಚಿಸಿದ ‘ಟೆಟ್ರಿಸ್’ ಇಂದಿಗೂ ಹಳತಾಗಿಲ್ಲ. 1997ರಲ್ಲಿ ನೋಕಿಯಾ ದೂರವಾಣಿಯೊಳಗೆ ಹಾವಿನ ಆಟವು ಸೇರಿಕೊಂಡಿತು. ಅಲ್ಲಿಯವರೆಗೆ ಬಹುಮಟ್ಟಿಗೆ ಆಟವಿದ್ದೆಡೆಗೆ ಮನುಷ್ಯನು ಹೋಗಬೇಕಾಗಿತ್ತು. ಅಂದಿನಿಂದ ಆಟವೇ ಮನುಷ್ಯನ ಜೇಬಿನಲ್ಲಿ ತಿರುಗಾಡತೊಡಗಿತು. ಆರೋಗ್ಯದ ದೃಷ್ಟಿಯಿಂದ ಗಮನಾರ್ಹವಾದ ತಿರುವು ಇದೇ.

ಇನ್ನು ಈಗ ಆಡಲ್ಪಡುತ್ತಿರುವ ಆಟಗಳ ವಿಚಾರ. ಇವೆಲ್ಲವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಹಿರಿಯರಲ್ಲಿ ಸಾಮಾನ್ಯವಾಗಿ ಕಂಡುಬರುವ ದೋಷ. ‘ಲೂಡೋ ಕಿಂಗ್’ ಅನ್ನು ತೆಗೆದುಕೊಳ್ಳಿ. ನವಿ ಮುಂಬಯಿಯ ಸಂಸ್ಥೆಯೊಂದು 2016ರಲ್ಲಿ ಹೊರತಂದ ಈ ಆಟವು 2020ರ ಲಾಕ್‌ಡೌನಿನ ದಿನಗಳಲ್ಲಿ ದೇಶವನ್ನೇ ವ್ಯಾಪಿಸಿತು. ಲೂಡೋ ಎಂಬ ಹೆಸರು ಇಂಗ್ಲೆಂಡಿನದಾದರೂ ಆಟದ ಮೂಲವು ನಮ್ಮ ಪಗಡೆ-ಪಚ್ಚೀಸಿಗಳೇ. ಮನೆಬಾಗಿಲು ಮುಚ್ಚಿದ್ದ ಆ ತಿಂಗಳುಗಳಲ್ಲಿ ಬೀದರದಲ್ಲಿದ್ದ ಅಜ್ಜಿಯು ಸನತ್‌ನಗರದ ಮೊಮ್ಮಗನೊಡನೆ ಆಡುತ್ತ, “ನಿನ್ ಕಾಯಿ ಹೊಡದೆ ನೋಡಪಾ” ಎಂದು ನಗುತ್ತಿದ್ದಂತಹ ದೃಶ್ಯಗಳು ಎಷ್ಟೋ ಮನೆಗಳಲ್ಲಿ ಕಂಡುಬಂದವು. ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ತೆಲುಗು, ಉರ್ದು ಕೇಳಿ ಬೆಳೆಯುವ ಮಗುವಿಗೆ ಅಜ್ಜಿಯ ಕನ್ನಡವು ದಿನಕ್ಕೆ ಅರ್ಧ ಗಂಟೆಯಾದರೂ ಕಿವಿಗೆ ಬಿದ್ದದ್ದು ಲೂಡೋದ ಪುಣ್ಯದಿಂದಲೇ ಎಂದರೆ ಅತಿಶಯೋಕ್ತಿಯಲ್ಲ.

‘ಕ್ಯಾಂಡಿ ಕ್ರಷ್’ ಬೇರೆ ಜಾತಿಯದು. 2012ರಲ್ಲಿ ಬಂದ ಈ ಮಿಠಾಯಿ ಜೋಡಿಸುವ ಆಟವು ನಿರಪಾಯಕರವೆಂದು ತೋರುತ್ತದೆ. ಆದರೆ ಇದರೊಳಗಿನ ಯುಕ್ತಿಯನ್ನು ಗಮನಿಸಬೇಕು. ಆಟಗಾರನಿಗೆ ಐದು ಜೀವಗಳುಂಟು. ಸೋತಾಗಲೆಲ್ಲ ಒಂದೊಂದು ಕಳೆಯುತ್ತದೆ. ಕಳೆದುಹೋದ ಜೀವವು ಮರಳಿ ಬರಲು 30 ನಿಮಿಷ ಕಾಯಬೇಕು, ಕಾಯಲಾರದವರು ಹಣ ತೆತ್ತು ಪಡೆಯಬಹುದು. ಅರ್ಧ ಗಂಟೆಗೊಮ್ಮೆ ಮೊಬೈಲನ್ನು ಕೈಗೆತ್ತಿಕೊಳ್ಳುವ ಅಭ್ಯಾಸವು ಹೀಗೆ ತನಗರಿವಿಲ್ಲದೆಯೇ ಬೆಳೆಯುತ್ತದೆ. ಮಗನಿಗೆ ಬುದ್ಧಿ ಹೇಳುವ ತಂದೆತಾಯಿಗಳಲ್ಲಿ ಈ ಆಟದ ಸಾವಿರದ ಮಜಲನ್ನು ದಾಟಿದವರೂ ಇಲ್ಲದಿಲ್ಲ!

ಮನೆಗಳಲ್ಲಿ ಅತ್ಯಧಿಕ ಜಗಳಕ್ಕೆ ಕಾರಣವಾಗಿರುವುದು ‘ಪಬ್‌ಜಿ’ ಎಂದು ಪ್ರಸಿದ್ಧವಾದ ಯುದ್ಧದ ಆಟ. ಭಾರತ ಸರಕಾರವು 2020ರ ಸೆಪ್ಟೆಂಬರ್ 2ರಂದು ಇದನ್ನು ಇತರ ಅನೇಕ ಆ್ಯಪ್‌ಗಳೊಡನೆ ನಿಷೇಧಿಸಿತು. 2021ರ ಜುಲೈನಲ್ಲಿ ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ ಎಂಬ ನಾಮಧೇಯದಿಂದ ಅದೇ ಬಗೆಯ ಆಟವು ಮರಳಿತು. 2022ರ ಜುಲೈನಲ್ಲಿ ಮತ್ತೆ ಮರೆಯಾಯಿತು. 2023ರ ಮೇ ತಿಂಗಳಲ್ಲಿ, 18 ವರ್ಷದೊಳಗಿನವರಿಗೆ ದಿನಕ್ಕೆ 3 ಗಂಟೆ, ಇತರರಿಗೆ 6 ಗಂಟೆಗಳ ಮಿತಿಯೊಡನೆ ಪುನಃ ಬಂದಿತು. ನೂರು ಮಂದಿ ಆಟಗಾರರು ವಿಮಾನದಿಂದ ಒಂದು ದ್ವೀಪಕ್ಕೆ ಧುಮುಕುತ್ತಾರೆ. ಆಯುಧಗಳನ್ನು ಹುಡುಕಿಕೊಳ್ಳುತ್ತಾರೆ. ಸುರಕ್ಷಿತವಾದ ವಲಯವು ಕ್ರಮೇಣ ಕಿರಿದಾಗುತ್ತ ಬರುತ್ತದೆ. ಕೊನೆಗೆ ಉಳಿಯುವವನು ಅಥವಾ ಉಳಿಯುವ ತಂಡ ಗೆದ್ದಂತೆ.

ಇಲ್ಲಿ ಪೋಷಕರು ತಿಳಿಯಬೇಕಾದ ಸಂಗತಿಯೊಂದಿದೆ. ಒಂದು ಸುತ್ತು ಮುಗಿಯಲು ಸುಮಾರು ಅರ್ಧ ಗಂಟೆ ಹಿಡಿಯುತ್ತದೆ. ನಾಲ್ವರ ತಂಡದಲ್ಲಿ ಒಬ್ಬನು ಮಧ್ಯದಲ್ಲಿ ಎದ್ದುಹೋದರೆ ಉಳಿದ ಮೂವರು ಸಂಕಟಕ್ಕೀಡಾಗುತ್ತಾರೆ. ಆದುದರಿಂದ ಅಡುಗೆಮನೆಯಿಂದ “ಊಟಕ್ಕೆ ಬಾ” ಎಂಬ ಕೂಗು ಕೇಳಿಬಂದಾಗ ಹುಡುಗನು ಏಳದಿರುವುದು ಕೇವಲ ಅವಿಧೇಯತೆಯಲ್ಲ. ಗೆಳೆಯರಿಗೆ ಕೈಕೊಡಲಾರೆನೆಂಬ ಭಾವವೂ ಅದರಲ್ಲಿ ಬೆರೆತಿದೆ. ಕ್ರಿಕೆಟ್ ಬಯಲಿನಲ್ಲಿ ಕೊನೆಯ ಓವರು ನಡೆಯುತ್ತಿರುವಾಗ ಯಾವ ತಾಯಿಯೂ ಬ್ಯಾಟನ್ನು ಕಿತ್ತುಕೊಳ್ಳುತ್ತಿರಲಿಲ್ಲ. “ಈ ಸುತ್ತು ಮುಗಿದ ಮೇಲೆ ಇನ್ನೊಂದು ಇಲ್ಲ” ಎಂದು ಹತ್ತು ನಿಮಿಷ ಮುಂಚಿತವಾಗಿ ಹೇಳುವ ಮನೆಗಳಲ್ಲಿ ಗಲಾಟೆಯು ಕಡಿಮೆ. ವೈ-ಫೈ ತಂತಿಯನ್ನು ಕೀಳುವ ಮನೆಗಳಲ್ಲಿ ಗಲಾಟೆಯು ಆಟದೊಡನೆ ಮುಗಿಯದೆ ರಾತ್ರಿಯಿಡೀ ಮುಂದುವರಿಯುತ್ತದೆ.

ಎಂದಮಾತ್ರಕ್ಕೆ ಎಂಟು ವರ್ಷದ ಮಗುವಿಗೆ ಬಂದೂಕಿನ ಆಟವು ತಕ್ಕುದೆಂದು ಭಾವಿಸಬಾರದು. ಆಟದಲ್ಲಿ ಅಪರಿಚಿತರೊಡನೆ ಮಾತನಾಡುವ ಅನುಕೂಲವಿದ್ದು, ಆ ಮಾತುಗಳು ಮನೆಯಲ್ಲಿ ಆಡತಕ್ಕವುಗಳಾಗಿರುವುದಿಲ್ಲ. ಚಿಕ್ಕವರಿಗೆ ‘ಮೈನ್‌ಕ್ರಾಫ್ಟ್’ ಎಷ್ಟೋ ಮೇಲು. ಸ್ವೀಡನ್ನಿನ ಮಾರ್ಕಸ್ ಪರ್ಸನ್ ರಚಿಸಿದ ಈ ಆಟದಲ್ಲಿ ಮಣ್ಣು, ಕಲ್ಲು, ಮರಗಳ ಘನಾಕೃತಿಗಳಿಂದ ಮನೆ, ಕೋಟೆ, ಊರುಗಳನ್ನು ಕಟ್ಟಬಹುದು. ಬೀದರದ ಕೋಟೆಯನ್ನೇ ಕಟ್ಟಿ ನೋಡಲು ಅಡ್ಡಿಯಿಲ್ಲ. ಚದುರಂಗವೂ ಮೊಬೈಲಿಗೆ ಬಂದಿದೆ. 2024ರ ಡಿಸೆಂಬರಿನಲ್ಲಿ 18 ವರ್ಷದ ಗುಕೇಶ್ ವಿಶ್ವಚಾಂಪಿಯನ್ ಪಟ್ಟವನ್ನು ಗೆದ್ದ ಮೇಲೆ ಅದಕ್ಕೆ ಮನೆಗಳಲ್ಲಿ ವಿಶೇಷ ಮರ್ಯಾದೆ ದೊರಕಿದೆ. ಮಗನು ಮೊಬೈಲಿನಲ್ಲಿ ಚದುರಂಗವನ್ನಾಡುತ್ತಿದ್ದರೆ ತಂದೆಯು ಸದ್ದಿಲ್ಲದೆ ಹಾದುಹೋಗುತ್ತಾನೆ. ಕಣ್ಣಿಗೆ ಮಾತ್ರ ಚದುರಂಗವೂ ಒಂದೇ, ಪಬ್‌ಜಿಯೂ ಒಂದೇ ಎಂಬುದು ಅವನಿಗೆ ಹೊಳೆಯುವುದಿಲ್ಲ.

ಈ ಉದ್ಯಮವು ಪರದೇಶದ್ದೇ ಎಂದೂ ತಿಳಿಯಬೇಕಾಗಿಲ್ಲ. ಬೆಂಗಳೂರಿನಲ್ಲಿ ರಾಜೇಶ್ ರಾವ್ 1997ರಲ್ಲಿ ಸ್ಥಾಪಿಸಿದ ‘ಧ್ರುವ ಇಂಟರಾಕ್ಟಿವ್’ ದೇಶದ ಆಟ ತಯಾರಿಕೆಯ ಸಂಸ್ಥೆಗಳಲ್ಲಿ ಮೊದಲನೆಯದೆಂದು ಹೆಸರಾದುದು. 2019ರಲ್ಲಿ ರಾಕ್‌ಸ್ಟಾರ್ ಸಂಸ್ಥೆಯು ಅದನ್ನು ಕೊಂಡುಕೊಂಡಿತು. ಹೈದರಾಬಾದಿನಲ್ಲಿಯೇ ತಯಾರಾದ ‘ಅಸುರ’ ಎಂಬ ಆಟವು 2017ರಲ್ಲಿ ಹೊರಬಂದಿತು. ಇನ್ನೂ ಹಿಂದಕ್ಕೆ ಹೋದರೆ, ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹಲಗೆಯ ಮೇಲಿನ ಹೊಸ ಹೊಸ ಆಟಗಳನ್ನು ಸ್ವತಃ ಕಲ್ಪಿಸಿ, ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಆಟಗಳಿಗೆಂದೇ ಸ್ಥಾನವನ್ನು ಕಲ್ಪಿಸಿದ್ದರು. ಆಟವನ್ನು ರಚಿಸುವುದು ರಾಜಯೋಗ್ಯವಾದ ಕಾರ್ಯವೆಂದು ಮೈಸೂರು ಒಪ್ಪಿತ್ತು. ಮಗನು ಆಟ ತಯಾರಿಸುವ ಉದ್ಯೋಗಕ್ಕೆ ಸೇರುತ್ತೇನೆಂದರೆ ಹೌಹಾರುವ ತಂದೆಯರು ಇದನ್ನು ಸ್ಮರಿಸಬಹುದು.

ದೇಹದ ಮೇಲಿನ ಪರಿಣಾಮ

ಮೊದಲು ಕಣ್ಣು. ಪರದೆಯನ್ನು ತದೇಕಚಿತ್ತದಿಂದ ನೋಡುವಾಗ ರೆಪ್ಪೆ ಬಡಿಯುವುದು ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ಇದರಿಂದ ಕಣ್ಣಿನ ತೇವವು ಆರಿ, ಉರಿ, ಕೆಂಪು, ತಲೆನೋವುಗಳು ತಲೆದೋರುತ್ತವೆ. 20 ನಿಮಿಷಗಳಿಗೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡುಗಳ ಕಾಲ ನೋಡುವ ಅಭ್ಯಾಸವನ್ನು ನೇತ್ರವೈದ್ಯರು ಸೂಚಿಸುತ್ತಾರೆ. ಸಮೀಪದೃಷ್ಟಿಯ ವಿಷಯವು ಇದಕ್ಕಿಂತ ಗಂಭೀರವಾದುದು. ಹೊರಗಿನ ಹಗಲು ಬೆಳಕಿನಲ್ಲಿ ಹೆಚ್ಚು ಹೊತ್ತು ಕಳೆಯುವ ಮಕ್ಕಳಲ್ಲಿ ಸಮೀಪದೃಷ್ಟಿಯು ಆರಂಭವಾಗುವುದು ಕಡಿಮೆಯೆಂದು ಅನೇಕ ದೇಶಗಳ ಅಧ್ಯಯನಗಳು ತೋರಿಸಿವೆ. ತೈವಾನಿನಲ್ಲಿ 2010ರಿಂದ ಶಾಲಾಮಕ್ಕಳನ್ನು ದಿನಕ್ಕೆ 120 ನಿಮಿಷ ಹೊರಗೆ ಬಿಡುವ ಕಾರ್ಯಕ್ರಮವನ್ನೇ ಜಾರಿಗೆ ತಂದರು. ಮೊಬೈಲನ್ನು ಕಿತ್ತುಕೊಂಡು ಅದೇ ಮಗುವನ್ನು ಟ್ಯೂಷನ್ನಿನ ಕೋಣೆಯೊಳಗೆ ಕೂಡಿಸಿದರೆ ಕಣ್ಣಿಗೆ ಆಗುವ ಲಾಭ ಅತ್ಯಲ್ಪ. ಸನತ್‌ನಗರ, ಮೋತಿನಗರಗಳಲ್ಲಿ ಆಟದ ಬಯಲುಗಳ ಅಭಾವವಿರುವುದು ನಿಜ. ಬೆಳಗಿನ ಹೊತ್ತು ಪಾರ್ಕಿಗೆ ಹೋಗುವ ಅಜ್ಜಂದಿರು ಮೊಮ್ಮಕ್ಕಳನ್ನು ಜೊತೆಗೆ ಕರೆದೊಯ್ಯಬಹುದು. ದೂರದ ಅಕ್ಷರ ಕಾಣದೆ ಮಗುವು ಕಣ್ಣನ್ನು ಕಿರಿದು ಮಾಡುತ್ತಿದ್ದರೆ ಪರೀಕ್ಷೆಯನ್ನು ಮುಂದೂಡಬಾರದು. ಬಂಜಾರಾ ಹಿಲ್ಸಿನ ಎಲ್. ವಿ. ಪ್ರಸಾದ್ ನೇತ್ರ ಸಂಸ್ಥೆಯು 1987ರಿಂದ ಈ ನಗರದಲ್ಲಿದೆ.

ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಪಕ್ಕದಲ್ಲಿ ಕಾಣಿಸಿಕೊಳ್ಳುವ ನೋವು ಮತ್ತೊಂದು. ಹೆಬ್ಬೆರಳನ್ನು ಚಲಿಸುವ ಸ್ನಾಯುರಜ್ಜುಗಳ ಹೊದಿಕೆಯು ದಪ್ಪಗಾಗುವುದರಿಂದ ಇದು ಉಂಟಾಗುತ್ತದೆ. ಬಟ್ಟೆ ಹಿಂಡುವಾಗ, ಪಾತ್ರೆ ಎತ್ತುವಾಗ ನೋವು ಚಳಕ್ಕೆಂದರೆ ಕೆಲವು ದಿನ ಆಟಕ್ಕೆ ವಿರಾಮ ಕೊಡುವುದೇ ಮೊದಲ ಚಿಕಿತ್ಸೆ. ಮೂರ್ಛೆರೋಗವಿರುವವರು ಮಿನುಗುವ ಬೆಳಕಿನ ಆಟಗಳ ವಿಚಾರವಾಗಿ ವೈದ್ಯರನ್ನು ಮೊದಲೇ ಕೇಳುವುದು ಕ್ಷೇಮ.

ನಿದ್ರೆಯ ಹಾನಿಯೇ ಎಲ್ಲಕ್ಕಿಂತ ದೊಡ್ಡದು. ಗೆಲುವು ಸೋಲುಗಳ ಉದ್ವೇಗದಿಂದ ಕೂಡಿದ ಮನಸ್ಸು ಆಟ ನಿಂತೊಡನೆ ಶಾಂತವಾಗುವುದಿಲ್ಲ. ಮಲಗುವುದಕ್ಕೆ ಒಂದು ಗಂಟೆ ಮೊದಲೇ ಆಟವು ನಿಂತು, ರಾತ್ರಿ ಮೊಬೈಲು ಮಲಗುವ ಕೋಣೆಯಿಂದ ಹೊರಗಿರುವುದು ಒಳ್ಳೆಯದು; ಈ ನಿಯಮವು ದೊಡ್ಡವರಿಗೂ ಅನ್ವಯಿಸಿದಲ್ಲಿ ಮಾತ್ರ ಚಿಕ್ಕವರಲ್ಲಿ ನಡೆಯುತ್ತದೆ. ಶಿಶುಗಳ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಸ್ಪಷ್ಟವಾಗಿ ಹೇಳಿದೆ: ಒಂದು ವರ್ಷದೊಳಗಿನವರಿಗೆ ಪರದೆಯೇ ಕೂಡದು, 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚಾಗಬಾರದು.

ಲಾಭಗಳೇ ಇಲ್ಲವೆಂದರೆ ಅನ್ಯಾಯವಾದೀತು. ವೇಗದ ಆಟಗಳನ್ನು ಆಡುವವರಲ್ಲಿ ದೃಷ್ಟಿಯ ಅವಧಾನ ಶಕ್ತಿಯು ಹೆಚ್ಚಾಗಿರುವುದನ್ನು 2003ರಲ್ಲಿ ಗ್ರೀನ್ ಮತ್ತು ಬವೆಲಿಯೆರ್ ಪ್ರಕಟಿಸಿದರು. ಹಿಂದೆ ವಾರಕ್ಕೆ ಮೂರು ಗಂಟೆಗಿಂತ ಹೆಚ್ಚು ಆಡಿದ್ದ ಶಸ್ತ್ರವೈದ್ಯರು, ಉದರದರ್ಶಕ ಶಸ್ತ್ರಕ್ರಿಯೆಯ ತರಬೇತಿಯಲ್ಲಿ ಶೇಕಡ 37ರಷ್ಟು ಕಡಿಮೆ ತಪ್ಪುಗಳನ್ನು ಮಾಡಿದರೆಂದು ಅಮೆರಿಕದ 2007ರ ಅಧ್ಯಯನವೊಂದು ಹೇಳುತ್ತದೆ. ಇದನ್ನೋದಿದ ಬಾಲಕರು ತಾವೂ ಶಸ್ತ್ರವೈದ್ಯರಾಗುವ ಮಾರ್ಗದಲ್ಲಿದ್ದೇವೆಂದು ವಾದಿಸಿಯಾರು. ವಾರಕ್ಕೆ ಮೂರು ಗಂಟೆ ಎಂಬುದನ್ನು ಅವರಿಗೆ ತೋರಿಸತಕ್ಕದ್ದು.

ಆಟವು ರೋಗವಾಗುವುದು ಯಾವಾಗ?

ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ 11ನೆಯ ಪರಿಷ್ಕರಣವು 2022ರ ಜನವರಿ 1ರಿಂದ ಜಾರಿಗೆ ಬಂದಿದ್ದು, ಅದರಲ್ಲಿ ಆಟದ ವ್ಯಸನವು ಒಂದು ವ್ಯಾಧಿಯಾಗಿ ಸೇರಿದೆ. ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲ ಆಸಕ್ತಿ ಮತ್ತು ನಿತ್ಯಕರ್ಮಗಳಿಗಿಂತ ಆಟವೇ ಮೇಲಾಗುವುದು, ಹಾನಿಯು ಕಣ್ಣಿಗೆ ಕಂಡರೂ ಮುಂದುವರಿಸುವುದು, ಈ ಮೂರೂ ಸಾಮಾನ್ಯವಾಗಿ 12 ತಿಂಗಳ ಕಾಲ ಕಂಡುಬಂದು, ಓದು, ಉದ್ಯೋಗ, ಸಂಸಾರಗಳು ಕೆಟ್ಟಾಗ ಮಾತ್ರ ಹಾಗೆ ಕರೆಯುತ್ತಾರೆ. ಬೇಸಗೆಯ ರಜೆಯಲ್ಲಿ ನಾಲ್ಕು ಗಂಟೆ ಆಡಿದ ಮಗುವು ರೋಗಿಯಲ್ಲ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿಯೇ ಇಂತಹವರಿಗಾಗಿ ‘ಷಟ್’ ಎಂಬ ಚಿಕಿತ್ಸಾಲಯವನ್ನು ತೆರೆಯಿತು. ಬಲವಂತದ ನಿಷೇಧದಿಂದಲೇ ಕಾರ್ಯಸಾಧನೆಯಾಗುವುದೆಂಬುದೂ ಸಂದೇಹ. ದಕ್ಷಿಣ ಕೊರಿಯಾ 2011ರಲ್ಲಿ 16 ವರ್ಷದೊಳಗಿನವರಿಗೆ ನಡುರಾತ್ರಿಯಿಂದ ಬೆಳಗಿನ 6ರ ತನಕ ಆನ್‌ಲೈನ್ ಆಟವನ್ನು ನಿಷೇಧಿಸಿ, ಹತ್ತು ವರ್ಷಗಳ ತರುವಾಯ ಆ ಕಾನೂನನ್ನು ಕೈಬಿಟ್ಟಿತು. ಚೀನಾ 2021ರಲ್ಲಿ 18ರೊಳಗಿನವರಿಗೆ ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನಗಳಲ್ಲಿ ರಾತ್ರಿ 8ರಿಂದ 9ರವರೆಗೆ ಮಾತ್ರ ಅವಕಾಶವಿತ್ತಿತು.

ಹಣವಿಟ್ಟು ಆಡುವ ರಮ್ಮಿ ಮೊದಲಾದವುಗಳನ್ನು ಆಟವೆಂದು ಕರೆಯುವುದೇ ತಪ್ಪು. ಇಲ್ಲಿ ಸಿಕ್ಕಿಬಿದ್ದವರು ಮಕ್ಕಳಲ್ಲ, ಸಂಬಳ ತರುವ ಗೃಹಸ್ಥರು. ಸಾಲವು ಮನೆಯವರಿಗೆ ತಿಳಿಯುವ ಹೊತ್ತಿಗೆ ಭವಿಷ್ಯನಿಧಿಯೂ ಹೆಂಡತಿಯ ಒಡವೆಯೂ ಕರಗಿರುತ್ತವೆ. ತೆಲಂಗಾಣವು 2017ರಲ್ಲಿಯೇ ಇವನ್ನು ನಿಷೇಧಿಸಿತು. ಕರ್ನಾಟಕದ 2021ರ ಕಾನೂನಿನ ಮುಖ್ಯ ಅಂಶಗಳನ್ನು 2022ರ ಫೆಬ್ರುವರಿಯಲ್ಲಿ ಅಲ್ಲಿನ ಉಚ್ಚ ನ್ಯಾಯಾಲಯವು ರದ್ದುಗೊಳಿಸಿತು. ಹಣದ ಆನ್‌ಲೈನ್ ಆಟಗಳನ್ನು ದೇಶದಾದ್ಯಂತ ನಿಷೇಧಿಸುವ ಮಸೂದೆಯು ಸಂಸತ್ತಿನಲ್ಲಿ ಅಂಗೀಕಾರವಾಗಿ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತವನ್ನು ಪಡೆಯಿತು. ಕಾನೂನು ಆ್ಯಪನ್ನು ಮುಚ್ಚಬಲ್ಲುದು. ಅಭ್ಯಾಸವನ್ನು ಬಿಡಿಸಲು ವೈದ್ಯರೇ ಬೇಕು.

ವೈದ್ಯರ ಬಳಿ ಹೋಗುವುದಕ್ಕೆ ಈ ಭಾಗದಲ್ಲಿ ಒಂದು ವಿಚಿತ್ರವಾದ ಅಡ್ಡಿಯಿದೆ. ಸನತ್‌ನಗರದ ಮಗ್ಗುಲಲ್ಲೇ ಎರ್ರಗಡ್ಡದಲ್ಲಿ ಸರಕಾರದ ಮಾನಸಿಕ ಆರೋಗ್ಯ ಸಂಸ್ಥೆಯಿದೆ. ಆದರೆ “ಎರ್ರಗಡ್ಡಕ್ಕೆ ಕಳಿಸಬೇಕು” ಎಂಬುದು ಹೈದರಾಬಾದಿನಲ್ಲಿ ಗೇಲಿಯ ಮಾತಾಗಿರುವುದರಿಂದ, ನಡೆದು ಹೋಗುವಷ್ಟು ಹತ್ತಿರದಲ್ಲಿರುವ ಚಿಕಿತ್ಸೆಗೆ ಕುಟುಂಬಗಳು ಹಿಂಜರಿಯುತ್ತವೆ. ನೆರೆಯವರು ನೋಡಿಯಾರೆಂಬ ಅಂಜಿಕೆಯಿಂದ ತಿಂಗಳುಗಟ್ಟಲೆ ಕಾಯುತ್ತವೆ. ಅಂತಹವರಿಗೆ ದೂರವಾಣಿಯ ಮಾರ್ಗವೊಂದು ಉಂಟು. ಕೇಂದ್ರ ಸರಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ‘ಟೆಲಿ-ಮಾನಸ್’ ಸೇವೆಗೆ 14416 ಎಂಬ ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು. ಆಡುವವರೇ ಕರೆ ಮಾಡಬೇಕೆಂಬ ನಿಯಮವಿಲ್ಲ. ತಂದೆತಾಯಿ, ಪತ್ನಿ ಯಾರಾದರೂ ಮಾತನಾಡಬಹುದು. ಸೇವೆಯು ಕನ್ನಡದಲ್ಲಿಯೂ ದೊರೆಯುತ್ತದೆ.