ಲ್ಯಾಪ್‌ಟಾಪ್‌ನ ವೈಫೈ ಅಡಾಪ್ಟರ್ ಪದೇ ಪದೇ ಕಾಣೆಯಾಗುವುದು: ಕಾರಣ, ಪರಿಶೀಲನೆ ಮತ್ತು ಪರಿಹಾರ

(ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಗ್ರಾಮ ಪಂಚಾಯತಿ ಸದಸ್ಯರ ಮಾಹಿತಿಗಾಗಿ)

ಗ್ರಾಮ ಪಂಚಾಯತಿ ಕಚೇರಿಯ ಬಹುಪಾಲು ಕೆಲಸಗಳು ಇಂದು ಅಂತರ್ಜಾಲವನ್ನು ಅವಲಂಬಿಸಿವೆ. ಇ-ಸ್ವತ್ತು ತಂತ್ರಾಂಶದ ನಮೂನೆ 9 ಮತ್ತು 11, ಪಂಚತಂತ್ರದ ಲೆಕ್ಕಪತ್ರ ಮತ್ತು ತೆರಿಗೆ ಬೇಡಿಕೆ, ಬಾಪೂಜಿ ಸೇವಾ ಕೇಂದ್ರದ ಅರ್ಜಿಗಳು, ಉದ್ಯೋಗ ಖಾತ್ರಿಯ ಹಾಜರಾತಿ ಪಟ್ಟಿ, ಡಿಜಿಟಲ್ ಸಹಿಯ ಮೂಲಕ ಆಗುವ ಪಾವತಿ ಇವೆಲ್ಲವೂ ಸಂಪರ್ಕವಿದ್ದರೆ ಮಾತ್ರ ಮುಂದುವರಿಯುತ್ತವೆ. ಸಂಪರ್ಕ ತಪ್ಪಿದ ದಿನ ಕಚೇರಿಗೆ ಬಂದವರಿಗೆ ದೊರೆಯುವ ಉತ್ತರ ಸಾಮಾನ್ಯವಾಗಿ ಒಂದೇ: "ಸರ್ವರ್ ಇಲ್ಲ, ನಾಳೆ ಬನ್ನಿ."

ಈ ಉತ್ತರವು ಎಲ್ಲ ಸಂದರ್ಭಗಳಲ್ಲೂ ಸರಿಯಾಗಿರುವುದಿಲ್ಲ. ಸರ್ವರ್ ಚೆನ್ನಾಗಿಯೇ ಇದ್ದು, ಕಚೇರಿಯ ಲ್ಯಾಪ್‌ಟಾಪ್ ತನ್ನೊಳಗಿನ ವೈಫೈ ಅಡಾಪ್ಟರನ್ನೇ ಗುರುತಿಸದೆ ಹೋಗಿರುವುದೂ ಉಂಟು. ಒಂದು ದಿನ ಕಾಣಿಸುವ ವೈಫೈ ಚಿಹ್ನೆ ಮರುದಿನ ಇರುವುದಿಲ್ಲ. ಯಂತ್ರವನ್ನು ಮತ್ತೆ ಚಾಲನೆ ಮಾಡಿದರೆ ಬರುತ್ತದೆ, ಮಧ್ಯಾಹ್ನ ಮತ್ತೆ ಮಾಯವಾಗುತ್ತದೆ. ದೋಷವನ್ನು ತಿಳಿಯದೆ ಹೊಸ ಲ್ಯಾಪ್‌ಟಾಪ್ ಖರೀದಿಗೆ ಸಭೆಯಲ್ಲಿ ಮಂಜೂರಾತಿ ನೀಡಿದರೆ ಪಂಚಾಯತಿಯ ನಿಧಿ ವ್ಯರ್ಥವಾಗುತ್ತದೆ. ದೋಷವನ್ನು ಹಾಗೆಯೇ ಬಿಟ್ಟರೆ ದೂರದ ಹಟ್ಟಿ, ತಾಂಡಾಗಳಿಂದ ಬಂದವರ ಒಂದು ದಿನದ ಕೂಲಿ ನಷ್ಟವಾಗುತ್ತದೆ. ಆದುದರಿಂದ ಈ ವಿಷಯವನ್ನು ಗಣಕಯಂತ್ರ ನಿರ್ವಾಹಕರಷ್ಟೇ ಅಲ್ಲದೆ ಸದಸ್ಯರೂ ಸ್ಥೂಲವಾಗಿ ತಿಳಿದಿರುವುದು ಅವಶ್ಯಕ.

ಮೊದಲು ದೋಷ ಎಲ್ಲಿದೆ ಎಂದು ಗುರುತಿಸಬೇಕು

ಸಂಪರ್ಕ ಇಲ್ಲ ಎಂಬ ಒಂದೇ ಮಾತಿನ ಹಿಂದೆ ನಾಲ್ಕು ಬೇರೆ ಬೇರೆ ದೋಷಗಳಿರಬಹುದು.

1. ವೈಫೈ ಚಿಹ್ನೆ ಇದೆ, ಜಾಲದ ಹೆಸರೂ ಕಾಣುತ್ತದೆ, ಲ್ಯಾಪ್‌ಟಾಪ್ ಅದಕ್ಕೆ ಸೇರಿಕೊಂಡಿದೆ, ಆದರೆ ಯಾವ ಪುಟವೂ ತೆರೆಯುವುದಿಲ್ಲ. ಇಲ್ಲಿ ಲ್ಯಾಪ್‌ಟಾಪ್ ನಿರ್ದೋಷಿ. ದೋಷವು ಕಚೇರಿಗೆ ಬರುವ ಮಾರ್ಗದಲ್ಲಿದೆ. 2011ರಲ್ಲಿ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲವೆಂಬ ಹೆಸರಿನಲ್ಲಿ ಅನುಮೋದನೆ ಪಡೆದು ನಂತರ ಭಾರತ್‌ನೆಟ್ ಎಂದು ಕರೆಯಲ್ಪಟ್ಟ ಯೋಜನೆಯ ಕೇಬಲ್, ರಸ್ತೆ ಅಥವಾ ಕುಡಿಯುವ ನೀರಿನ ಪೈಪ್‌ಲೈನ್ ಕಾಮಗಾರಿಯ ಅಗೆತದಲ್ಲಿ ತುಂಡಾದರೆ ಇದೇ ಲಕ್ಷಣ ಕಾಣುತ್ತದೆ.

2. ವೈಫೈ ಚಿಹ್ನೆ ಇದೆ, ಅಕ್ಕಪಕ್ಕದ ಮೊಬೈಲ್‌ಗಳ ಜಾಲವೂ ಕಾಣುತ್ತದೆ, ಕಚೇರಿಯ ಜಾಲದ ಹೆಸರು ಮಾತ್ರ ಇಲ್ಲ. ಇದು ರೂಟರ್‌ನ ದೋಷ. ವಿದ್ಯುತ್ ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತಿದ್ದರೂ ರೂಟರ್ ಆರಿಹೋಗುವುದರಿಂದ ಹೀಗಾಗುತ್ತದೆ. ರೂಟರನ್ನು ಯುಪಿಎಸ್‌ಗೆ ಜೋಡಿಸುವುದೇ ಇದಕ್ಕೆ ಪರಿಹಾರ.

3. ಎಲ್ಲವೂ ಸರಿಯಿದೆ, ಬೇರೆ ಜಾಲತಾಣಗಳು ತೆರೆಯುತ್ತವೆ, ಒಂದು ನಿರ್ದಿಷ್ಟ ತಂತ್ರಾಂಶ ಮಾತ್ರ ತೆರೆಯುವುದಿಲ್ಲ. ಇದು ಮಾತ್ರ ನಿಜವಾದ ಅರ್ಥದಲ್ಲಿ ಸರ್ವರ್ ದೋಷ.

4. ವೈಫೈ ಚಿಹ್ನೆಯೇ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ವೈಫೈ ಎಂಬ ಸಾಲೂ ಇಲ್ಲ. ಅದೇ ಹೊತ್ತಿನಲ್ಲಿ ಸಿಬ್ಬಂದಿಯ ಮೊಬೈಲ್ ಕಚೇರಿಯ ಜಾಲಕ್ಕೆ ಸರಾಗವಾಗಿ ಸೇರುತ್ತದೆ. ಇದು ಅಡಾಪ್ಟರ್ ಕಾಣೆಯಾಗಿರುವ ಲಕ್ಷಣ. ಈ ಲೇಖನದ ವಿಷಯ ಇದೇ ಆಗಿದೆ.

ಈ ನಾಲ್ಕನ್ನು ಬೇರ್ಪಡಿಸಲು ತಂತ್ರಜ್ಞಾನ ಬೇಕಿಲ್ಲ. ಒಂದು ಮೊಬೈಲ್ ಫೋನ್ ಮತ್ತು ಎರಡು ನಿಮಿಷದ ಗಮನ ಸಾಕು.

ಅಡಾಪ್ಟರ್ ಎಂದರೇನು, ಅದು ಏಕೆ ಕಾಣೆಯಾಗುತ್ತದೆ

ವೈಫೈ ಅಡಾಪ್ಟರ್ ಎಂಬುದು ರೂಟರ್‌ನೊಡನೆ ರೇಡಿಯೋ ತರಂಗಗಳ ಮೂಲಕ ಮಾತನಾಡುವ ಒಂದು ಸಣ್ಣ ಬಿಡಿಭಾಗ. ಹಲವು ಲ್ಯಾಪ್‌ಟಾಪ್‌ಗಳಲ್ಲಿ ಇದು ಹೆಬ್ಬೆರಳಿನ ಗಾತ್ರದ ಕಾರ್ಡ್ ಆಗಿದ್ದು, ಒಂದು ಸ್ಕ್ರೂ ಮತ್ತು ಎರಡು ತೆಳುವಾದ ಆಂಟೆನಾ ತಂತಿಗಳ ಸಹಿತ ಒಳಗೆ ಕೂರಿಸಲ್ಪಟ್ಟಿರುತ್ತದೆ. ಕೆಲವು ಮಾದರಿಗಳಲ್ಲಿ ಮುಖ್ಯ ಫಲಕಕ್ಕೇ ಬೆಸೆಯಲ್ಪಟ್ಟಿರುತ್ತದೆ. ಹಳೆಯ ಡೆಸ್ಕ್‌ಟಾಪ್ ಯಂತ್ರಗಳಿಗೆ ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ಕಡ್ಡಿಯ ರೂಪದಲ್ಲೂ ದೊರೆಯುತ್ತದೆ. ಯಂತ್ರವು ಈ ಭಾಗವನ್ನು ಬಳಸಲು ಡ್ರೈವರ್ ಎಂಬ ಕಿರು ತಂತ್ರಾಂಶ ಬೇಕು. ಅಡಾಪ್ಟರ್‌ಗೆ ವಿದ್ಯುತ್ ನಿಂತರೆ, ಡ್ರೈವರ್ ಕೆಟ್ಟರೆ ಅಥವಾ ಕಾರ್ಡ್ ಸಡಿಲವಾದರೆ ಯಂತ್ರದ ಕಣ್ಣಿಗೆ ಅಡಾಪ್ಟರ್ ಇಲ್ಲವೆಂದೇ ಅರ್ಥ.

ಯಾವ ಹೊತ್ತಿನಲ್ಲಿ ಕಾಣೆಯಾಗುತ್ತದೆ ಎಂಬುದನ್ನು ಗಮನಿಸಿದರೆ ಕಾರಣ ಬಹುಮಟ್ಟಿಗೆ ತಿಳಿಯುತ್ತದೆ.

- ಊಟದ ಬಿಡುವಿನ ನಂತರ, ಯಂತ್ರ ನಿದ್ರಾಸ್ಥಿತಿಯಿಂದ ಎದ್ದಾಗ ಕಾಣೆಯಾದರೆ: ವಿದ್ಯುತ್ ಉಳಿತಾಯದ ವ್ಯವಸ್ಥೆ ಅಡಾಪ್ಟರನ್ನು ಆರಿಸಿರುವ ಸಂಭವ ಹೆಚ್ಚು.
- ಕರೆಂಟ್ ಹೋಗಿ ಬ್ಯಾಟರಿಗೆ ಬಂದಾಗ ಕಾಣೆಯಾದರೆ: ಕಾರಣ ಅದೇ. ಬ್ಯಾಟರಿಯಲ್ಲಿ ನಡೆಯುವಾಗ ಉಳಿತಾಯದ ನಿಯಮಗಳು ಬೇರೆಯಾಗಿರುತ್ತವೆ.
- ವಿಂಡೋಸ್ ಅಪ್‌ಡೇಟ್ ಆದ ಮರುದಿನದಿಂದ ಆರಂಭವಾದರೆ: ಡ್ರೈವರ್ ಹೊಂದಾಣಿಕೆಯ ದೋಷ.
- ಮುಚ್ಚಳ ತೆರೆದು ಮುಚ್ಚಿದಾಗ, ಯಂತ್ರವನ್ನು ಗ್ರಾಮಸಭೆಗೆ ಒಯ್ದು ತಂದಾಗ ಕಾಣೆಯಾದರೆ: ಕಾರ್ಡ್ ಅಥವಾ ಅದರ ಜೋಡಣೆ ಸಡಿಲವಾಗಿರಬಹುದು.
- ಗಂಟೆಗಟ್ಟಲೆ ಬಳಸಿ ಯಂತ್ರ ಬಿಸಿಯಾದ ಮೇಲೆ ಕಾಣೆಯಾಗಿ, ತಣಿದ ಮೇಲೆ ಮರಳಿದರೆ: ಕಾರ್ಡ್ ದುರ್ಬಲವಾಗಿರಬಹುದು ಅಥವಾ ಗಾಳಿಯಾಡುವ ಕಿಂಡಿಯಲ್ಲಿ ದೂಳು ಕಟ್ಟಿರಬಹುದು.

ಕೊನೆಯ ಎರಡು ಅಂಶಗಳಲ್ಲಿ ಸ್ಥಳದ ಹವಾಮಾನವೂ ಗಣನೆಗೆ ಬರುತ್ತದೆ. ಮಳೆ ಕಡಿಮೆಯಿರುವ ಜಗಳೂರು ತಾಲ್ಲೂಕಿನಲ್ಲಿ ಬೇಸಿಗೆಯ ಬಿಸಿ ಮತ್ತು ದೂಳಿನ ಕಡೆಗೂ, ಅಡಿಕೆ ತೋಟಗಳ ಚನ್ನಗಿರಿ ಹಾಗೂ ಅರೆಮಲೆನಾಡಿನ ಅಂಚಿನ ನ್ಯಾಮತಿಯಲ್ಲಿ ಮಳೆಗಾಲದ ತೇವದ ಕಡೆಗೂ, ತುಂಗಭದ್ರೆಯ ದಡದ ಹೊನ್ನಾಳಿ ಭಾಗದಲ್ಲಿ ಗೋಡೆ ತಂಪೇರುವ ತಿಂಗಳುಗಳ ಕಡೆಗೂ ಸಿಬ್ಬಂದಿ ಗಮನವಿಡುವುದು ಒಳಿತು. ತೇವವು ಜೋಡಣೆಯ ಲೋಹಕ್ಕೆ ಕಿಲುಬು ಹಿಡಿಸುತ್ತದೆ. ದೂಳು ಶಾಖವನ್ನು ಹೊರಹೋಗಗೊಡುವುದಿಲ್ಲ.

ಕಚೇರಿಯಲ್ಲಿಯೇ ಮಾಡಬಹುದಾದ ಪರಿಶೀಲನೆ

ಕೆಳಗಿನ ಕ್ರಮವನ್ನು ಸರಳವಾದುದರಿಂದ ಆರಂಭಿಸಿ ಜೋಡಿಸಲಾಗಿದೆ. ಒಂದು ಹಂತದಲ್ಲಿ ಪರಿಹಾರ ದೊರೆತರೆ ಮುಂದಿನ ಹಂತದ ಅಗತ್ಯವಿಲ್ಲ.

ಹಂತ 1. ಏರೋಪ್ಲೇನ್ ಮೋಡ್ ಚಾಲನೆಯಲ್ಲಿದೆಯೇ ನೋಡಬೇಕು. ಕೀಲಿಮಣೆಯ ಮೇಲಿನ ಸಾಲಿನಲ್ಲಿ ವಿಮಾನದ ಅಥವಾ ಆಂಟೆನಾದ ಚಿತ್ರವಿರುವ ಕೀಲಿಯನ್ನು ಅರಿಯದೆ ಒತ್ತಿದ್ದರೆ ವೈಫೈ ನಿಲ್ಲುತ್ತದೆ. ಕೆಲವು ಹಳೆಯ ಮಾದರಿಗಳ ಬದಿಯಲ್ಲಿ ಇದಕ್ಕೆಂದೇ ಒಂದು ಜಾರುಗುಂಡಿ ಇರುತ್ತದೆ.

ಹಂತ 2. ಯಂತ್ರವನ್ನು ರಿಸ್ಟಾರ್ಟ್ ಮಾಡಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ. ವಿಂಡೋಸ್ 8ರಿಂದೀಚೆಗೆ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯವಿದೆ. ಇದು ಚಾಲನೆಯಲ್ಲಿದ್ದರೆ ಶಟ್‌ಡೌನ್ ಮಾಡಿದಾಗ ಯಂತ್ರವು ತನ್ನ ಒಳಸ್ಥಿತಿಯ ಒಂದು ಭಾಗವನ್ನು ಉಳಿಸಿಟ್ಟುಕೊಂಡು, ಮರುದಿನ ಅದನ್ನೇ ಮುಂದುವರಿಸುತ್ತದೆ. ನಿನ್ನೆಯ ದೋಷವೂ ಅದರೊಡನೆ ಮರಳಬಹುದು. ರಿಸ್ಟಾರ್ಟ್ ಮಾಡಿದಾಗ ಮಾತ್ರ ಎಲ್ಲವೂ ಹೊಸದಾಗಿ ಆರಂಭವಾಗುತ್ತದೆ. ಆದುದರಿಂದ "ಆಫ್ ಮಾಡಿ ಆನ್ ಮಾಡಿದೆವು" ಎಂಬುದು ರಿಸ್ಟಾರ್ಟ್‌ಗೆ ಸಮವಲ್ಲ. ರಿಸ್ಟಾರ್ಟ್‌ನಿಂದ ಪ್ರತಿ ಬಾರಿ ಸರಿಹೋಗುತ್ತಿದ್ದರೆ, ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಯ್ಕೆಯನ್ನು ತೆಗೆದುಹಾಕಬೇಕು.

ಹಂತ 3. ಉಳಿದ ವಿದ್ಯುತ್ತನ್ನು ಹೊರಹಾಕಬೇಕು. ಯಂತ್ರವನ್ನು ಪೂರ್ಣ ನಿಲ್ಲಿಸಿ, ಚಾರ್ಜರ್ ಮತ್ತು ಯುಎಸ್‌ಬಿಗೆ ಜೋಡಿಸಿದ ಎಲ್ಲ ಸಾಧನಗಳನ್ನು ತೆಗೆದು, ಬ್ಯಾಟರಿ ತೆಗೆಯುವಂತಿದ್ದರೆ ಅದನ್ನೂ ತೆಗೆದು, ಪವರ್ ಗುಂಡಿಯನ್ನು ಸುಮಾರು 30 ಸೆಕೆಂಡು ಒತ್ತಿ ಹಿಡಿಯಬೇಕು. ನಂತರ ಜೋಡಿಸಿ ಚಾಲನೆ ಮಾಡಬೇಕು. ಸಿಕ್ಕಿಬಿದ್ದ ಸ್ಥಿತಿಯಲ್ಲಿರುವ ಕಾರ್ಡ್ ಹಲವು ಬಾರಿ ಇದರಿಂದಲೇ ಮರಳುತ್ತದೆ.

ಹಂತ 4. ಡಿವೈಸ್ ಮ್ಯಾನೇಜರ್ ತೆರೆದು ನೆಟ್‌ವರ್ಕ್ ಅಡಾಪ್ಟರ್ಸ್ ಎಂಬ ಸಾಲನ್ನು ನೋಡಬೇಕು. ವೈಫೈ ಅಡಾಪ್ಟರ್‌ನ ಹೆಸರಿದ್ದು ಹಳದಿ ತ್ರಿಕೋನ ಕಂಡರೆ ಡ್ರೈವರ್‌ನ ಅಥವಾ ಕಾರ್ಡ್‌ನ ದೋಷ. ಹೆಸರೇ ಇಲ್ಲದಿದ್ದರೆ, ವ್ಯೂ ಪಟ್ಟಿಯಲ್ಲಿ ಅಡಗಿದ ಸಾಧನಗಳನ್ನು ತೋರಿಸುವ ಆಯ್ಕೆಯನ್ನು ಒತ್ತಬೇಕು. ಆಗ ಹೆಸರು ಮಸುಕಾಗಿ ಕಂಡು, ಅದರ ವಿವರದಲ್ಲಿ ಕೋಡ್ 45 ಎಂದಿದ್ದರೆ, ಯಂತ್ರಕ್ಕೆ ಅಡಾಪ್ಟರ್‌ನ ನೆನಪಿದೆ, ಆದರೆ ಈಗ ಅದು ಸಂಪರ್ಕದಲ್ಲಿಲ್ಲ ಎಂದರ್ಥ. ಕೋಡ್ 10 ಎಂದಿದ್ದರೆ ಸಾಧನ ಆರಂಭವಾಗಲಿಲ್ಲವೆಂದೂ, ಕೋಡ್ 43 ಎಂದಿದ್ದರೆ ಸಾಧನವೇ ದೋಷ ವರದಿ ಮಾಡಿದ್ದರಿಂದ ವಿಂಡೋಸ್ ಅದನ್ನು ನಿಲ್ಲಿಸಿದೆಯೆಂದೂ ತಿಳಿಯಬೇಕು. ಈ ಸಂಖ್ಯೆಯನ್ನು ಬರೆದಿಟ್ಟುಕೊಂಡರೆ ದುರಸ್ತಿಗಾರರ ಅರ್ಧ ಕೆಲಸ ಮುಗಿದಂತೆ.

ಹಂತ 5. ಅಡಾಪ್ಟರ್ ಕಾಣುವ ಹೊತ್ತಿನಲ್ಲಿ ಅದರ ಪ್ರಾಪರ್ಟೀಸ್ ತೆರೆದು ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ, ವಿದ್ಯುತ್ ಉಳಿಸಲು ಈ ಸಾಧನವನ್ನು ಆರಿಸಲು ಯಂತ್ರಕ್ಕೆ ಅನುಮತಿ ನೀಡುವ ಗುರುತನ್ನು ತೆಗೆಯಬೇಕು. ಊಟದ ಬಿಡುವಿನ ನಂತರ ಕಾಣೆಯಾಗುವ ಅಡಾಪ್ಟರ್‌ಗೆ ಮೊದಲು ಪ್ರಯತ್ನಿಸಬೇಕಾದ ಮದ್ದು ಇದು. ಕೆಲವು ಹೊಸ ಮಾದರಿಗಳಲ್ಲಿ ಈ ಪುಟ ಇರುವುದಿಲ್ಲ. ಅದನ್ನು ದೋಷವೆಂದು ಭಾವಿಸಬೇಕಾಗಿಲ್ಲ.

ಹಂತ 6. ಅಪ್‌ಡೇಟ್ ನಂತರ ದೋಷ ಆರಂಭವಾಗಿದ್ದರೆ, ಡ್ರೈವರ್ ಪುಟದಲ್ಲಿ ರೋಲ್ ಬ್ಯಾಕ್ ಆಯ್ಕೆ ಇದ್ದಲ್ಲಿ ಹಿಂದಿನ ಡ್ರೈವರ್‌ಗೆ ಮರಳಬಹುದು. ಇಲ್ಲವಾದಲ್ಲಿ ಲ್ಯಾಪ್‌ಟಾಪ್ ತಯಾರಕರ ಅಧಿಕೃತ ಜಾಲತಾಣದಿಂದ, ನಿಖರವಾದ ಮಾದರಿ ಸಂಖ್ಯೆಗೆ ಹೊಂದುವ ಡ್ರೈವರನ್ನು ಬೇರೊಂದು ಯಂತ್ರದಲ್ಲಿ ಇಳಿಸಿಕೊಂಡು ಪೆನ್‌ಡ್ರೈವ್ ಮೂಲಕ ಅಳವಡಿಸಬೇಕು. ಎಲ್ಲ ಡ್ರೈವರ್‌ಗಳನ್ನೂ ಉಚಿತವಾಗಿ ಸರಿಪಡಿಸುವುದಾಗಿ ಜಾಹೀರಾತು ನೀಡುವ ಅಪರಿಚಿತ ತಂತ್ರಾಂಶಗಳನ್ನು ಕಚೇರಿಯ ಯಂತ್ರಕ್ಕೆ ಸೇರಿಸಲೇಬಾರದು. ವಿಂಡೋಸ್ 10ಕ್ಕೆ ತಯಾರಕ ಸಂಸ್ಥೆಯ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿದೆ ಎಂಬುದನ್ನೂ ಹಳೆಯ ಯಂತ್ರಗಳಿರುವ ಪಂಚಾಯತಿಗಳು ಗಮನಿಸಬೇಕು.

ಹಂತ 7. ನೆಟ್‌ವರ್ಕ್ ರಿಸೆಟ್ ಎಂಬುದು ಕೊನೆಯ ಉಪಾಯ. ಇದು ಉಳಿಸಿಟ್ಟ ವೈಫೈ ಗುಪ್ತಪದಗಳನ್ನೂ ಕಚೇರಿಯ ಜಾಲಕ್ಕೆಂದು ಮಾಡಿದ ವಿಶೇಷ ಹೊಂದಿಕೆಗಳನ್ನೂ ಅಳಿಸುವುದರಿಂದ, ಅವುಗಳನ್ನು ಮೊದಲೇ ಬರೆದಿಟ್ಟುಕೊಳ್ಳದೆ ಇದನ್ನು ಮಾಡಬಾರದು.

ಯುಎಸ್‌ಬಿ ಅಡಾಪ್ಟರ್ ಬಳಸುವ ಕಚೇರಿಗಳಿಗೆ

ಪಂಚಾಯತಿಯ ಯಂತ್ರಕ್ಕೆ ಡಿಜಿಟಲ್ ಸಹಿಯ ಟೋಕನ್, ಬೆರಳಚ್ಚು ಸಾಧನ, ಪ್ರಿಂಟರ್, ಸ್ಕ್ಯಾನರ್ ಎಲ್ಲವೂ ಯುಎಸ್‌ಬಿ ಮೂಲಕವೇ ಜೋಡಣೆಯಾಗುತ್ತವೆ. ಕಿಂಡಿಗಳು ಸಾಲದೆ ಒಂದೇ ಹಬ್‌ಗೆ ಎಲ್ಲವನ್ನೂ ಸಿಕ್ಕಿಸುವುದು ರೂಢಿ. ಯುಎಸ್‌ಬಿ 2.0ರ ಒಂದು ಕಿಂಡಿಯಿಂದ ಪ್ರಮಾಣಿತವಾಗಿ ದೊರೆಯುವುದು 500 ಮಿಲಿಆಂಪಿಯರ್ ವಿದ್ಯುತ್ ಮಾತ್ರ. ಪ್ರತ್ಯೇಕ ವಿದ್ಯುತ್ ಸರಬರಾಜು ಇಲ್ಲದ ಹಬ್‌ನಲ್ಲಿ ಇಷ್ಟನ್ನೇ ಎಲ್ಲ ಸಾಧನಗಳೂ ಹಂಚಿಕೊಳ್ಳಬೇಕು. ಬೆರಳಚ್ಚು ಸಾಧನ ಬಳಸಿದ ಕ್ಷಣವೇ ವೈಫೈ ಮಾಯವಾದರೆ ಇಲ್ಲಿ ಮೊದಲು ಅನುಮಾನಪಡಬೇಕು. ಅಡಾಪ್ಟರನ್ನು ಹಬ್‌ನಿಂದ ತೆಗೆದು ಯಂತ್ರದ ಕಿಂಡಿಗೇ ನೇರವಾಗಿ ಸಿಕ್ಕಿಸಿ ನೋಡಬೇಕು.

ಸೇವೆ ನಿಲ್ಲದಂತೆ ತಾತ್ಕಾಲಿಕ ವ್ಯವಸ್ಥೆ

ದುರಸ್ತಿ ಆಗುವವರೆಗೆ ಜನರನ್ನು ಹಿಂದಕ್ಕೆ ಕಳುಹಿಸಬೇಕಾಗಿಲ್ಲ. ರೂಟರ್‌ನಿಂದ ಲ್ಯಾಪ್‌ಟಾಪ್‌ಗೆ ಈಥರ್‌ನೆಟ್ ಕೇಬಲ್ ಜೋಡಿಸಿದರೆ ವೈಫೈ ಅಡಾಪ್ಟರ್‌ನ ಅಗತ್ಯವೇ ಇರುವುದಿಲ್ಲ. ಸದಾ ಒಂದೇ ಮೇಜಿನ ಮೇಲಿರುವ ಯಂತ್ರಕ್ಕೆ ಇದು ಶಾಶ್ವತ ವ್ಯವಸ್ಥೆಯಾಗಿಯೂ ವೈಫೈಗಿಂತ ಮೇಲು. ಕೇಬಲ್ ಇಲ್ಲದಲ್ಲಿ ಮೊಬೈಲ್ ಫೋನನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಟೆದರಿಂಗ್ ಮಾಡಬಹುದು. ಆದರೆ ಡಿಜಿಟಲ್ ಸಹಿ ಬಳಸುವ ಯಂತ್ರವನ್ನು ಅಪರಿಚಿತರ ಹಾಟ್‌ಸ್ಪಾಟ್‌ಗೆ ಸೇರಿಸಕೂಡದು.

ಉದ್ಯೋಗ ಖಾತ್ರಿಯ ಕೂಲಿ ಪಾವತಿಗೆ ಕಾಲಮಿತಿ ಇದೆ. ಸಕಾಲ ಅಧಿನಿಯಮ, 2011ರ ಮೇರೆಗೆ ವಿಳಂಬವಾದ ಸೇವೆಗೆ ದಿನವೊಂದಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕು ಅರ್ಜಿದಾರರಿಗಿದೆ. ದಿನಗಳ ಎಣಿಕೆಯು ವೈಫೈ ಮರಳಲೆಂದು ಕಾಯುವುದಿಲ್ಲ.

ದುರಸ್ತಿಗೆ ಕೊಡುವ ಮುನ್ನ

ಎಲ್ಲ ಹಂತಗಳ ನಂತರವೂ ಅಡಾಪ್ಟರ್ ಮರಳದಿದ್ದರೆ ಬಿಡಿಭಾಗದ ದೋಷವೆಂದು ತಿಳಿಯಬೇಕು. ಮೊದಲು ಖರೀದಿ ಬಿಲ್ಲು ಮತ್ತು ದಾಸ್ತಾನು ವಹಿಯನ್ನು ನೋಡಿ ವಾರಂಟಿ ಅವಧಿ ಇದೆಯೇ ಎಂದು ಪರಿಶೀಲಿಸಬೇಕು. ಅವಧಿ ಇರುವ ಯಂತ್ರವನ್ನು ಹೊರಗಿನವರಿಂದ ಬಿಚ್ಚಿಸಿದರೆ ವಾರಂಟಿಗೆ ಧಕ್ಕೆ ಬರಬಹುದು. ಅವಧಿ ಮುಗಿದಿದ್ದರೆ, ಕಾರ್ಡನ್ನು ಮರಳಿ ಕೂರಿಸುವುದು ಅಥವಾ ಬದಲಿಸುವುದು ಮೊದಲ ದಾರಿ. ಯುಎಸ್‌ಬಿ ಅಡಾಪ್ಟರ್ ಖರೀದಿಸುವುದು ಎರಡನೆಯ ದಾರಿ. ಎರಡರ ವೆಚ್ಚವೂ ಹೊಸ ಲ್ಯಾಪ್‌ಟಾಪ್‌ನ ಬೆಲೆಯ ಅಲ್ಪಾಂಶ ಮಾತ್ರ. ಯಂತ್ರವನ್ನು ಅಂಗಡಿಗೆ ಕೊಡುವಾಗ ಡಿಜಿಟಲ್ ಸಹಿಯ ಟೋಕನ್ ಕಚೇರಿಯಲ್ಲಿಯೇ ಉಳಿಯಬೇಕು. ತಂತ್ರಾಂಶಗಳ ಗುಪ್ತಪದಗಳನ್ನು ಚೀಟಿಯಲ್ಲಿ ಬರೆದು ಅಂಟಿಸಿರಬಾರದು. ಕಡತಗಳ ಪ್ರತಿಯನ್ನು ತೆಗೆದಿರಿಸಬೇಕು.

ಸದಸ್ಯರು ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

ಕಚೇರಿಯಲ್ಲಿ ಒಂದು ಸಣ್ಣ ವಹಿಯನ್ನು ಇರಿಸಿ, ಸಂಪರ್ಕ ತಪ್ಪಿದ ದಿನಾಂಕ, ವೇಳೆ, ಮೇಲೆ ಹೇಳಿದ ನಾಲ್ಕರಲ್ಲಿ ಯಾವ ಬಗೆಯ ದೋಷ, ಕಂಡ ಕೋಡ್ ಸಂಖ್ಯೆ, ಮರಳಿದ ವೇಳೆ ಇವಿಷ್ಟನ್ನು ನಮೂದಿಸಿದರೆ ಎರಡು ವಾರಗಳಲ್ಲಿ ದೋಷದ ಸ್ವರೂಪ ತಾನಾಗಿ ಸ್ಪಷ್ಟವಾಗುತ್ತದೆ. ಹೊಸ ಯಂತ್ರದ ಅಥವಾ ದುರಸ್ತಿ ಬಿಲ್ಲಿನ ವಿಷಯ ಸಾಮಾನ್ಯ ಸಭೆಗೆ ಬಂದಾಗ ಸದಸ್ಯರು ಈ ಕೆಳಗಿನವನ್ನು ಕೇಳಬಹುದು.

- ಕಾಣೆಯಾಗಿದ್ದು ಜಾಲವೋ, ಅಡಾಪ್ಟರೋ? ವಹಿಯಲ್ಲಿ ನಮೂದು ಇದೆಯೇ?
- ವಿದ್ಯುತ್ ಉಳಿತಾಯದ ಹೊಂದಿಕೆಯನ್ನು ಬದಲಿಸಿ ನೋಡಲಾಗಿದೆಯೇ?
- ಯಂತ್ರ ವಾರಂಟಿಯಲ್ಲಿದೆಯೇ?
- ಈಥರ್‌ನೆಟ್ ಕೇಬಲ್ ಮತ್ತು ರೂಟರ್‌ಗೆ ಯುಪಿಎಸ್ ಇದೆಯೇ?
- ದೋಷವಿದ್ದ ದಿನಗಳಲ್ಲಿ ಬಂದ ಅರ್ಜಿಗಳನ್ನು ಸ್ವೀಕರಿಸಿ ಸ್ವೀಕೃತಿ ನೀಡಲಾಗಿದೆಯೇ?

ಈ ಪ್ರಶ್ನೆಗಳು ಸಿಬ್ಬಂದಿಯನ್ನು ತಪ್ಪಿತಸ್ಥರನ್ನಾಗಿಸಲು ಅಲ್ಲ. ಅಡಾಪ್ಟರ್ ಕೈಕೊಟ್ಟ ದಿನ ಜನರ ಬೇಸರದ ಮಾತನ್ನು ಮೊದಲು ಕೇಳುವವರು ಗಣಕಯಂತ್ರ ನಿರ್ವಾಹಕರೇ. ಕಾರಣವನ್ನು ಸರಿಯಾಗಿ ಗುರುತಿಸಿದರೆ ಅವರ ಮೇಲಿನ ಅನಗತ್ಯ ದೂರು ತಪ್ಪುತ್ತದೆ, ಪಂಚಾಯತಿಯ ಹಣ ಉಳಿಯುತ್ತದೆ, ಅರ್ಜಿದಾರರಿಗೆ ನಿಜವಾದ ಕಾರಣವನ್ನೂ ಮತ್ತೆ ಬರಬೇಕಾದ ದಿನವನ್ನೂ ಖಚಿತವಾಗಿ ಹೇಳಲು ಸಾಧ್ಯವಾಗುತ್ತದೆ. ಈ ಮಾಹಿತಿಯನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಓದಿ, ಪರಿಶೀಲನೆಯ ಏಳು ಹಂತಗಳ ಪ್ರತಿಯನ್ನು ಯಂತ್ರವಿರುವ ಕೊಠಡಿಯ ಗೋಡೆಗೆ ಅಂಟಿಸುವುದು ಉಪಯುಕ್ತ.