ಟ್ರಾನ್ಸಿಸ್ಟರ್ ಒಂಟಿಯಾಗಿ ಸಾಯೋದಿಲ್ಲ!

ಗಣೇಶನ ಹಬ್ಬಕ್ಕೆ ನಾಲ್ಕೇ ದಿನ ಉಳಿದಿತ್ತು. ನಮ್ಮ ಬೀದಿಯ ಕೊನೆ ಮನೆಯ ಅಣ್ಣ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸ್ತಾರೆ. ವರ್ಷದ ಸಂಪಾದನೆಯಲ್ಲಿ ದೊಡ್ಡ ಪಾಲು ಬರೋದು ಈ ಸೀಸನ್‌ನಲ್ಲೇ. ಆಂಪ್ಲಿಫೈಯರ್ ಹೊತ್ತು ತಂದು, "ನೀನು ಎಂಜಿನಿಯರ್ ಅಲ್ವಾ, ಸ್ವಲ್ಪ ನೋಡು" ಅಂದರು. ಆನ್ ಮಾಡಿದರೆ ಸಾಕು, ಫ್ಯೂಸ್ ಹೋಗ್ತಿತ್ತು. ನಾನೀಗ ಕೋಡ್ ಬರೆಯುವವನು. ಆದರೂ ಓದಿದ್ದು ಎಲೆಕ್ಟ್ರಾನಿಕ್ಸ್ ಅನ್ನೋ ಜಂಬ. ಒಪ್ಪಿಕೊಂಡೆ.

ಒಳಗಿದ್ದದ್ದು 5200, 1943 ನಂಬರಿನ ಎರಡು ಜೋಡಿ ಔಟ್‌ಪುಟ್ ಟ್ರಾನ್ಸಿಸ್ಟರ್. ಜೋಡಿಯಲ್ಲಿ ಒಂದು ಅಲೆಯ ಮೇಲಿನ ಅರ್ಧವನ್ನು, ಇನ್ನೊಂದು ಕೆಳಗಿನ ಅರ್ಧವನ್ನು ಸ್ಪೀಕರ್‌ಗೆ ತಳ್ಳುತ್ತೆ. ಬೇಸ್‌ನ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತೆ. ಆ ಆಳದ ದನಿಗೆ ಬೇಕಾದ ಕರೆಂಟೆಲ್ಲ ಹರಿಯೋದು ಇವುಗಳ ಮೂಲಕವೇ.

ಬಿಚ್ಚಿ ಮಲ್ಟಿಮೀಟರ್ ಇಟ್ಟೆ. ಒಂದರ ಕಲೆಕ್ಟರ್, ಎಮಿಟರ್ ನಡುವೆ 'ಬೀಪ್'. ಶಾರ್ಟ್! ಕಳ್ಳ ಸಿಕ್ಕಿಬಿದ್ದ ಅಂದುಕೊಂಡು ಎಸ್‌ಪಿ ರೋಡಿನಿಂದ ಅದೊಂದನ್ನೇ ತಂದು ಹಾಕಿ ಸ್ವಿಚ್ ಒತ್ತಿದೆ. ಟಪ್! ಹೊಸದೂ ಹೋಯ್ತು, ಅದರ ಜೋಡಿಯೂ ಹೋಯ್ತು.

ಅಣ್ಣ ಬೈಯಲಿಲ್ಲ. "ಹೋಗ್ಲಿ ಬಿಡು, ಬಾಡಿಗೆಗೆ ತರ್ತೀನಿ" ಅಂದರು. ಬಾಡಿಗೆ ಕಟ್ಟಿದರೆ ಅವರ ಕೈಗೆ ಉಳಿಯೋದು ಎಷ್ಟು ಅಂತ ಗೊತ್ತಿತ್ತು. ಬೈದಿದ್ದರೇ ಚೆನ್ನಾಗಿತ್ತು.

ಆಫೀಸಿನಲ್ಲಿ ಜೂನಿಯರ್‌ಗಳಿಗೆ ನಾನು ದಿನಾ ಹೇಳೋ ಮಾತು: ಎರರ್ ಬಂದ ಸಾಲನ್ನಷ್ಟೇ ತಿದ್ದಬೇಡಿ, ಕಾರಣ ಹುಡುಕಿ. ಇಲ್ಲಿ ನಾನೇ ಅದನ್ನು ಮರೆತಿದ್ದೆ. ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆದಾಗ ತನ್ನ ಹಿಂದಿನ ಡ್ರೈವರ್ ಟ್ರಾನ್ಸಿಸ್ಟರನ್ನೂ ಎಮಿಟರ್ ರೆಸಿಸ್ಟರನ್ನೂ ಎಳೆದುಕೊಂಡೇ ಹೋಗಬಹುದು. ಅಳೆದು ನೋಡಿದರೆ ಎರಡೂ ಸತ್ತಿದ್ದವು!

ಈ ಸಲ ಅವೆರಡನ್ನೂ ಬದಲಿಸಿದೆ. ನಾಲ್ಕೂ ಔಟ್‌ಪುಟ್ ಟ್ರಾನ್ಸಿಸ್ಟರ್ ಹೊಸದು ಹಾಕಿದೆ. ಏಟು ತಿಂದು ಉಳಿದವನ್ನು ನಂಬೋ ಹಾಗಿಲ್ಲ. ಈ ನಂಬರಿನಲ್ಲಿ ನಕಲಿಗಳೂ ಜಾಸ್ತಿ, ಹಾಗಾಗಿ ಗೊತ್ತಿರುವ ಅಂಗಡಿಗೇ ಹೋದೆ. ಹೊಸ ಮೈಕಾ ಹಾಳೆ, ಪೇಸ್ಟ್ ಹಾಕಿ, ಕಲೆಕ್ಟರ್ ಹೀಟ್‌ಸಿಂಕ್‌ಗೆ ತಾಗುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡೆ.

ಆಮೇಲೆ ಅಟ್ಟದ ಮೇಲಿದ್ದ ಹಳೇ 100 ವ್ಯಾಟ್ ಬಲ್ಬನ್ನು ಕರೆಂಟಿನ ದಾರಿಯಲ್ಲಿ ಸೀರೀಸ್ ಆಗಿ ಸೇರಿಸಿದೆ. ಎಲ್‌ಇಡಿ ನಡೆಯಲ್ಲ, ತಂತಿಯ ಬಲ್ಬೇ ಬೇಕು. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಝಗ್ಗನೆ ಉರಿಯುತ್ತೆ, ಟ್ರಾನ್ಸಿಸ್ಟರ್ ಉಳಿಯುತ್ತೆ. ಸ್ವಿಚ್ ಒತ್ತಿದೆ. ಬಲ್ಬ್ ಒಮ್ಮೆ ಮಿಂಚಿ ಮಂಕಾಯ್ತು. ಆಗ ಉಸಿರು ಬಿಟ್ಟೆ.

ಔಟ್‌ಪುಟ್‌ನಲ್ಲಿ ಡಿಸಿ 12 ಮಿಲಿವೋಲ್ಟ್. ಸ್ಪೀಕರ್‌ಗೆ ಅಪಾಯವಿಲ್ಲ. ಬಲ್ಬ್ ತೆಗೆದು, ಅರ್ಧ ಗಂಟೆ ಬಿಸಿಯಾಗಲು ಬಿಟ್ಟು, 0.22 ಓಮ್ ರೆಸಿಸ್ಟರಿನ ಮೇಲೆ 5.5 ಮಿಲಿವೋಲ್ಟ್ ಬರುವಂತೆ ಬಯಾಸ್ ತಿರುಗಿಸಿದೆ. ಅಂದರೆ 25 ಮಿಲಿಆಂಪ್.

ನೀವೂ ಕೈ ಹಾಕೋದಾದರೆ ಒಂದು ಮಾತು: ಪ್ಲಗ್ ಕಿತ್ತರೂ ಒಳಗಿನ ದೊಡ್ಡ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತೆ. ರೆಸಿಸ್ಟರ್ ಮೂಲಕ ಅದನ್ನು ಖಾಲಿ ಮಾಡಿ, ಅಳೆದು ನೋಡಿ, ಆಮೇಲೇ ಮುಟ್ಟಿ. ಗೊತ್ತಿಲ್ಲದಿದ್ದರೆ ಗೊತ್ತಿರುವವರ ಕೈಗೆ ಕೊಡಿ.

ಹಬ್ಬದ ರಾತ್ರಿ ಪೆಂಡಾಲ್‌ನಿಂದ ಬೇಸ್ ದನಿ ನಮ್ಮ ಕಿಟಕಿ ಗಾಜನ್ನು ನಡುಗಿಸ್ತಿತ್ತು. ಅಮ್ಮ, "ಸ್ವಲ್ಪ ಕಮ್ಮಿ ಮಾಡೋಕೆ ಹೇಳೋ" ಅಂದರು. ನಾನು ಕೇಳಿಸದವನ ಹಾಗೆ ಸುಮ್ಮನಿದ್ದೆ.